ಮಾವನ ದನಿಯ ಬ್ಯಾಕಪ್

ನಾನು ಲಿಫ್ಟ್ ಮೆಕ್ಯಾನಿಕ್. ಹದಿನಾಲ್ಕನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡವರನ್ನು ಇಳಿಸಿ ಬರುವವನಿಗೆ ಮನೆಯ ಕಂಪ್ಯೂಟರ್ ಯಾವ ಲೆಕ್ಕ? ಆ ಭಾನುವಾರ ಬೆಳಿಗ್ಗೆ ಹೆಂಡತಿಗೆ ಹಾಗೆಯೇ ಹೇಳಿದೆ.

"ಸಾಯಂಕಾಲ ನಾಲ್ಕಕ್ಕೆ ನಿಮ್ಮಪ್ಪನ್ನ ಆಸ್ಪತ್ರೆಯಿಂದ ಕರ್ಕೊಂಡು ಬಾ. ಅಷ್ಟೊತ್ತಿಗೆ ಅವರು ಮಾತಾಡೋ ಹಾಗೆ ಮಾಡಿಟ್ಟಿರ್ತೀನಿ."

ಮಾವನ ಗಂಟಲಿನಲ್ಲಿ ಗಡ್ಡೆಯಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದವರು. ಎರಡು ಬೀದಿಯಾಚೆಗೂ ಕೇಳುವ ಗಂಟಲು. ಆಪರೇಷನ್ನಿಗೆ ಮುಂಚೆ ಎಂಟು ದಿನ ಕೂತು, ಇದೇ ಕಂಪ್ಯೂಟರಿನಲ್ಲಿ ಆರುನೂರು ಮಾತು ರೆಕಾರ್ಡ್ ಮಾಡಿಟ್ಟಿದ್ದರು. ಪರದೆಯ ಮೇಲೆ ಬೇಕಾದ ಮಾತನ್ನು ಒತ್ತಿದರೆ ಅವರದೇ ದನಿ ಬರುತ್ತಿತ್ತು. ಅವರು ಆಸ್ಪತ್ರೆ ಸೇರಿದ ಮೇಲೆ ಕಂಪ್ಯೂಟರಿನ ಡಿಸ್ಕ್ ಕೆಟ್ಟು ಕೂತಿತು. ನಾನೇನೂ ಹೆದರಲಿಲ್ಲ. ಬೇರೆ ಡಿಸ್ಕಿಗೆ ಬ್ಯಾಕಪ್ ಮಾಡಿಟ್ಟವನು ನಾನೇ.

ಹೊಸ ಡಿಸ್ಕ್ ಹಾಕಿ ಬ್ಯಾಕಪ್ ತಂತ್ರಾಂಶ ತೆರೆದೆ. ಮೊದಲು ತನ್ನನ್ನು ಅಪ್‌ಡೇಟ್ ಮಾಡು ಎಂದಿತು, ಮಾಡಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಆಮೇಲೆ, ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದು, ಆಗುವುದಿಲ್ಲ ಎಂದು ರಾಗ ತೆಗೆಯಿತು. ಇದ್ದ ಸಾಮಾನು ಒಂದು ಕೋಣೆಯಷ್ಟು, ಇದಕ್ಕೆ ಮಾತ್ರ ಹಳೆಯ ಮನೆಯಷ್ಟೇ ದೊಡ್ಡ ಮನೆ ಬೇಕಂತೆ! ಅಂಗಡಿಗೆ ಓಡಿ ದೊಡ್ಡ ಡಿಸ್ಕ್ ತಂದೆ. ಅರವತ್ತೊಂದು ಪರ್ಸೆಂಟಿನವರೆಗೆ ಸಾಗಿ ಗಕ್ಕನೆ ನಿಂತಿತು. "ಸರಪಳಿಯ ಒಂದು ಫೈಲು ಸಿಗುತ್ತಿಲ್ಲ." ಕೆಳಗೆ ಒಂದೇ ಒಂದು ಬಟನ್: "ಸರಿ".

"ಏನು ಸರಿ, ನಿನ್ನ ತಲೆ!" ಎಂದು ಕಿರುಚಿದೆ. ಅಡುಗೆಮನೆಯಿಂದ ಅತ್ತೆ ಇಣುಕಿ ನೋಡಿದರು.

ಕಂಪನಿಯ ಸಹಾಯವಾಣಿಯ ಹುಡುಗಿ ಸಮಾಧಾನವಾಗಿ ವಿವರಿಸಿದಳು. ಮೊದಲ ಮೂರು ದಿನದ್ದೆಲ್ಲ ಸೇರಿ ಒಂದು ದೊಡ್ಡ ಫೈಲು. ಅಲ್ಲಿಂದ ಮುಂದೆ ಒಂದೊಂದು ದಿನಕ್ಕೆ ಒಂದೊಂದು, ಪ್ರತಿಯೊಂದಕ್ಕೂ ಅದರ ಹಿಂದಿನದೇ ಆಧಾರ. ನಾಲ್ಕನೇ ದಿನದ್ದು ಇಲ್ಲದೆ ಮುಂದಿನ ಯಾವುದೂ ತೆರೆಯುವುದಿಲ್ಲ.

"ಅದನ್ನ ಯಾರಾದ್ರೂ ಡಿಲೀಟ್ ಮಾಡಿದ್ರಾ ಸರ್?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ನಮ್ಮನೇಲಿ ಅಂಥವರು ಯಾರೂ ಇಲ್ಲಮ್ಮ" ಎಂದು ಜೋರಾಗಿಯೇ ಹೇಳಿ ಫೋನಿಟ್ಟೆ. ಅಳಿಸಿದವನು ನಾನೇ. ಹಿಂದಿನ ವಾರ ಅದೇ ಬ್ಯಾಕಪ್ ಡಿಸ್ಕಿಗೆ ಒಂದು ಸಿನಿಮಾ ತುಂಬಿಕೊಳ್ಳಲು ಜಾಗ ಸಾಲದೆ, ಒಂದೇ ಥರದ ಹೆಸರಿನ ಫೈಲುಗಳ ನಡುವಿಂದ ಒಂದನ್ನು ತೆಗೆದಿದ್ದೆ. ಸಿನಿಮಾವೂ ಸಪ್ಪೆ.

ಆ ದೊಡ್ಡ ಫೈಲಿನಿಂದ ಸಿಕ್ಕ ಮೂರು ದಿನದ ಮಾತುಗಳನ್ನು ತೆರೆದು ನೋಡಿದೆ. ರೆಕಾರ್ಡ್ ಮಾಡಲೆಂದು ನರ್ಸು ಕೊಟ್ಟಿದ್ದ ದಿನಬಳಕೆಯ ಮಾತುಗಳ ಪಟ್ಟಿಯನ್ನು ಬದಿಗಿಟ್ಟು ಮಾವ ಮೊದಲು ರೆಕಾರ್ಡ್ ಮಾಡಿದ್ದು ಡ್ರೈವಿಂಗ್ ಕಲಿಯುವವರಿಗೆ ಬೇಕಾದ ಮಾತುಗಳನ್ನು. ಕ್ಲಚ್ಚು, ಗೇರು, ಬೈಗುಳ. ನೀರು ಕೊಡು, ನೋಯ್ತಿದೆ, ಮಗಳ ಹೆಸರು, ಎಲ್ಲ ಆಮೇಲಿನ ದಿನಗಳದ್ದು. ಅವು ಇನ್ನು ಯಾವ ಕಾಲಕ್ಕೂ ಬರುವಂತಿರಲಿಲ್ಲ. ಹೇಳಬೇಕಾದ ಗಂಟಲೇ ಇರಲಿಲ್ಲ.

ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪರದೆಯ ಹತ್ತಿರ ಬಂದು ನಿಂತರು.

"ಥ್ಯಾಂಕ್ಸ್ ಅನ್ನೋದೂ ಹೋಯ್ತಾ?"

"ಹೋಯ್ತು ಅತ್ತೆ."

"ನಲವತ್ತು ವರ್ಷದಲ್ಲಿ ಇವರ ಬಾಯಲ್ಲಿ ಅದನ್ನ ಕೇಳಿದ್ದೇ ಆ ಪಟ್ಟಿ ಓದೋವಾಗ" ಎಂದು ನಗಲು ಹೋದರು. ನಗು ಪೂರ್ತಿ ಬರಲಿಲ್ಲ. "ನನ್ನನ್ನ ಕರೆಯೋದೊಂದು ಇದ್ದಿದ್ರೆ ಸಾಕಿತ್ತು" ಎಂದು ಒಳಗೆ ಹೋದರು.

ನಾಲ್ಕು ಗಂಟೆಗೆ ಮಾವ ಬಂದರು. ಕುತ್ತಿಗೆಗೆ ಬಿಳಿ ಬಟ್ಟೆ, ಇಳಿದುಹೋದ ಮೈ. ಚಪ್ಪಲಿ ಬಿಟ್ಟವರೇ ನೆಟ್ಟಗೆ ಕಂಪ್ಯೂಟರಿನ ಮುಂದೆ ಕೂತರು. ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದರು. ಅದು ಬೇಗ ಮುಗಿದುಹೋಯಿತು. ನನ್ನ ಮುಖ ನೋಡಿದರು.

"ಡಿಲೀಟ್ ಮಾಡಿದ್ದು ನಾನೇ ಮಾವ. ಸಿನಿಮಾಕ್ಕೆ ಜಾಗ ಬೇಕಿತ್ತು. ಮನೆ ಮಾತೆಲ್ಲ ಹೋಯ್ತು."

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ. ಮಾವ ಮತ್ತೆ ಪರದೆಯ ಕಡೆ ತಿರುಗಿ, ಪಟ್ಟಿಯಲ್ಲಿ ಮೇಲೆ ಕೆಳಗೆ ಏನನ್ನೋ ಹುಡುಕಿದರು. ಸಿಕ್ಕಿತು. ಒತ್ತಿದರು.

"ಆಫ್ ಆಯ್ತಾ ಗಾಡಿ? ಆಗ್ಲಿ. ಯಾರೂ ಸತ್ತಿಲ್ಲ ತಾನೇ? ಸ್ಟಾರ್ಟ್ ಮಾಡು!"

ಎರಡು ಬೀದಿಯಾಚೆಗೂ ಕೇಳುವ ದನಿ. ನನಗೆ ಅಳು ಒತ್ತರಿಸಿ ಬಂತು, ತಡೆಯಲಿಲ್ಲ. ಅಡುಗೆಮನೆಯಿಂದ ಅತ್ತೆ ಒದ್ದೆ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತರು.

"ಇನ್ನೊಂದ್ಸಲ ಹಾಕ್ರೀ" ಎಂದರು.

ಮಾವ ಅವರನ್ನೇ ನೋಡುತ್ತ ಇನ್ನೊಂದು ಸಲ ಒತ್ತಿದರು.