ತುಳಸಿ ಇಟ್ಟ ಸೀಟು

ಗುರುವಪ್ಪನವರ ಮಗ ಯತಿನ್ ತೀರಿಕೊಂಡ ಮೇಲೆ ಅವನ ಕಾರನ್ನು ಸೊಸೆ ಶ್ರದ್ಧಾ ಓಡಿಸುತ್ತಿದ್ದಳು. ಮುಂಬೈ ಬಳಿಯ ಡೊಂಬಿವಲಿಯ ಮನೆಯಲ್ಲಿ ಅಡುಗೆ ಮಾಡಿ ಐರೋಲಿಯ ಆಫೀಸುಗಳಿಗೆ ಊಟದ ಡಬ್ಬ ಮುಟ್ಟಿಸುವುದೇ ಅವಳಿಗೂ ಮಾವನಿಗೂ ಜೀವನೋಪಾಯ. ಹೋದ ತಿಂಗಳು ರಸ್ತೆ ಬದಿಗೆ ನಿಲ್ಲಿಸಿದ್ದ ಆ ಕಾರಿಗೆ ಟ್ರಕ್ಕೊಂದು ಗುದ್ದಿ ನುಜ್ಜುಗುಜ್ಜು ಮಾಡಿತು. ದೇವರು ದೊಡ್ಡವನು, ಒಳಗೆ ಯಾರೂ ಇರಲಿಲ್ಲ.

ರಿಪೇರಿಯಾಗುವ ಕಾರಲ್ಲವೆಂದು ವಿಮೆಯವರು ಒಪ್ಪಿದರು. ಪೂರ್ತಿ ಹಣ ಕೊಡುತ್ತಾರೆ, ಮುರುಕು ಕಾರು ಮಾತ್ರ ಗುಜರಿಯವನಿಗೆ. ಆ ಹಣಕ್ಕೆ ಶ್ರದ್ಧಾ ಕಲ್ಯಾಣದಲ್ಲಿ ಹಳೆಯ ವ್ಯಾನೊಂದನ್ನು ನೋಡಿಟ್ಟಿದ್ದಳು.

ಕಾರು ನಿಂತಿದ್ದ ರಬಾಳೆಯ ಗ್ಯಾರೇಜಿಗೆ ಕೊನೆಯ ತಪಾಸಣೆಗೆ ಬಂದ ವಿಮೆಯ ಸರ್ವೇಯರ್ ಅಭಿಜಿತ್ ಬೆಳಗಾವಿ ಕಡೆಯ ಹುಡುಗ. ಮಾವ, ಸೊಸೆ ಇಬ್ಬರೂ ಅಲ್ಲೇ ನಿಂತಿದ್ದರು. ಅವನು ಕಾರಿನ ಬಾಗಿಲು ಎಳೆದು ಒಳಗೆ ಬಗ್ಗಿ ನೋಡಿದ.

"ಕಾಕಾ, ಡ್ರೈವರ್ ಸೀಟ್ ಎಲ್ಲೈತ್ರಿ?"

ಗುರುವಪ್ಪ ನೆಲ ನೋಡಿದರು. ಮಗ ಕೂತ ಜಾಗ ಗುಜರಿಗೆ ಹೋಗುವುದನ್ನು ಮನಸ್ಸು ಒಪ್ಪದೆ, ಅವರೇ ಅದನ್ನು ಬಿಚ್ಚಿಸಿ ಮನೆಗೆ ಒಯ್ದಿದ್ದರು. ದಿನಾ ಬೆಳಿಗ್ಗೆ ಗ್ಯಾಲರಿಯಲ್ಲಿ ಅದರೆದುರು ಚಾಪೆ ಹಾಸಿ ಜಪಕ್ಕೆ ಕೂರುತ್ತಿದ್ದರು.

ಮೊದಲ ತಪಾಸಣೆಯ ಫೋಟೋಗಳಲ್ಲಿದ್ದ ಸೀಟು ಈಗಿಲ್ಲದಿದ್ದರೆ ಗುಜರಿಯವನು ಬೆಲೆ ಇಳಿಸುತ್ತಾನೆ, ಅದು ನಿಮ್ಮ ಹಣದಲ್ಲೇ ಕಡಿತವಾಗುತ್ತದೆ ಎಂದು ಅಭಿಜಿತ್ ತಿಳಿಸಿ ಹೇಳಿದ. ಎಷ್ಟಾದರೂ ಕಡಿತ ಮಾಡಿಕೊಳ್ಳಿ ಎಂದರು ಗುರುವಪ್ಪ.

ಹುಡುಗನಿಗೆ ನಗು ಬಂತು. "ಎಲ್ಲಾರೂ ಜಾಸ್ತಿ ಕೊಡ್ರಿ ಅಂತ ಜಗಳಾ ತಗೀತಾರ. ಕಮ್ಮೀ ಮಾಡ್ರಿ ಅನ್ನಾವ್ರು ನೀವೊಬ್ರ, ಕಾಕಾ."

ಶ್ರದ್ಧಾ ನಗಲಿಲ್ಲ. "ಸೀಟು ಮನೆಯಲ್ಲೇ ಇರಲಿ ಮಾವ," ಎಂದಳು. "ವ್ಯಾನು ಆಮೇಲೆ ನೋಡೋಣ. ಇನ್ನು ಸ್ವಲ್ಪ ದಿನ ಟ್ರೈನಲ್ಲೇ ಡಬ್ಬ ಕೊಂಡು ಹೋಗ್ತೇನೆ. ಈಗ ಅಭ್ಯಾಸ ಆಗಿದೆ."

ಹಾಗೆನ್ನುತ್ತ ಅವಳು ಡಬ್ಬದ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಅಂಗೈಯಲ್ಲಿ ಹಿಡಿಕೆಯ ಕೆಂಪು ಬರೆ ಎದ್ದಿತ್ತು. ತಾವು ಕಣ್ಣು ಮುಚ್ಚಿ ಜಪಕ್ಕೆ ಕೂತ ಹೊತ್ತಿಗೇ ಅವಳು ದಿನವೂ ಮನೆ ಬಿಡುತ್ತಿದ್ದಳೆಂಬುದು ಗುರುವಪ್ಪನವರಿಗೆ ಆಗ ಹೊಳೆಯಿತು.

"ಸೀಟು ನಾಳೆ ತರ್ತೇನೆ," ಎಂದರು ಅಭಿಜಿತನಿಗೆ. "ಇವಳ ದುಡ್ಡಲ್ಲಿ ಏನೂ ಕಡಿಮೆ ಆಗ್ಬಾರದು."

ಮರುದಿನ ಮಿಂದು, ಸೀಟಿನ ಮೇಲೆ ತುಳಸಿದಳ ಇಟ್ಟು, ಅಂಗೈಯಿಂದ ಒಂದು ಉದ್ಧರಣೆ ನೀರು ಬಿಟ್ಟರು. ಮತ್ತೆಂದೂ ನನ್ನದೆನ್ನದಂತೆ ದಾನ ಕೊಡುವುದಾದರೆ ಹಾಗೆ ನೀರು ಬಿಟ್ಟು ಕೊಡಬೇಕು.

ಗ್ಯಾರೇಜಿನಲ್ಲಿ ಸೀಟನ್ನು ಕಾರೊಳಗೆ ಇಟ್ಟಾಗ ಒದ್ದೆ ಎಲೆ ಇನ್ನೂ ಅಂಟಿಕೊಂಡಿತ್ತು. ಅಭಿಜಿತ್ ಅದನ್ನು ಸರಿಸದೆಯೇ ಫೋಟೋ ತೆಗೆದ. ಪೂರ್ತಿ ಹಣ ಬರುತ್ತದೆ ಎಂದ.

ಗುರುವಪ್ಪ ತಿರುಗಿ ನೋಡಲಿಲ್ಲ. ಜೊತೆಗೆ ಬಂದಿದ್ದ ಸೊಸೆಯ ಕೈಯಿಂದ ಡಬ್ಬದ ಚೀಲ ತೆಗೆದುಕೊಂಡು ಸ್ಟೇಶನ್ನಿನ ಕಡೆ ನಡೆದರು. ಅದು ಇಷ್ಟು ಭಾರವೆಂದು ಅವರಿಗೆ ಗೊತ್ತಿರಲಿಲ್ಲ.