ಸ್ಟೀರಿಂಗ್ ಎಣ್ಣೆ

ಕೊಟ್ಟಿಗೆಹಾರದಿಂದ ಮೂಡಿಗೆರೆಗೆ ಬರುವ ದಾರಿಯ ಎರಡನೆಯ ತಿರುವಿನಲ್ಲಿ ಸ್ಟೀರಿಂಗ್ ಗಿರಿಜಾಂಬಾ ಅವರ ಮಾತು ಕೇಳಲಿಲ್ಲ. ಎರಡೂ ಕೈಯಿಂದ ಎಳೆದರು. ಸೀಟಿನಿಂದ ಅರ್ಧ ಎದ್ದು ಎಳೆದರು. ಬಾನೆಟ್ಟಿನೊಳಗೆ ಏನೋ ನರಳಿತು. ಜೀಪು ತಿರುಗುವಷ್ಟು ತಿರುಗಿ, ಮುಂದಿನ ಎಡಗಾಲಿಯನ್ನು ಚರಂಡಿಗೆ ಇಳಿಸಿ ನಿಂತುಬಿಟ್ಟಿತು.

ಪೆಟ್ಟೇನೂ ಆಗಲಿಲ್ಲ. ಆದರೂ ಅವರು ಇಳಿಯದೆ, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತರು. ಎರಡು ವರ್ಷದ ಹಿಂದೆ ಕಾಫಿ ಕಣದಲ್ಲಿ ಜಾರಿ ಬಿದ್ದು ಮುರಿದುಕೊಂಡ ಮಣಿಕಟ್ಟು ಅದು. ಹದಿನೈದು ದಿನದಿಂದ ಸ್ಟೀರಿಂಗ್ ದಿನೇ ದಿನೇ ಭಾರವಾಗುತ್ತಿತ್ತು. ಸೋತಿದ್ದು ತಮ್ಮ ಕೈಯೇ ಎಂದು ತಾವೇ ತೀರ್ಮಾನಿಸಿ, ಯಾರಿಗೂ ಹೇಳದೆ, ಮಲಗುವಾಗ ಕೈಗೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ತಮ್ಮ ರುದ್ರಪ್ಪನಿಗೆ ಸುಳಿವು ಸಿಕ್ಕರೆ ಮುಗಿಯಿತು. "ಅರವತ್ನಾಲ್ಕು ವರ್ಷಕ್ಕೆ ಇದೆಲ್ಲ ಯಾಕಕ್ಕ? ಜೀಪು ಕೊಟ್ಬಿಡು. ಎಲ್ಲಿಗ್ ಹೋಗ್ಬೇಕೋ ಹೇಳು, ನಾನೇ ಬಂದು ಕರ್ಕಂಡ್ ಹೋಗ್ತೀನಿ" ಎನ್ನುವುದು ಅವನ ಹಳೆಯ ರಾಗ. ಕರೆದುಕೊಂಡು ಹೋಗುವವರಿಗಾಗಿ ಕಾಯುವ ಬದುಕು ಹೇಗಿರುತ್ತದೆಂದು ಗಿರಿಜಾಂಬಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಇದ್ದಷ್ಟು ಕಾಲ ಸೀರೆ ಉಟ್ಟು ಜಗಲಿಯಲ್ಲಿ ಹಾಗೇ ಕಾದಿದ್ದರು. ಅವರು ತೀರಿಕೊಂಡ ಮೇಲೆ ತೋಟದ ಡ್ರೈವರ್ ಬೊಮ್ಮಯ್ಯನಿಂದಲೇ ಜೀಪು ಕಲಿತರು. ಕಲಿತ ಮೇಲೆ ಅವನನ್ನು ಕಣದ ಕೆಲಸಕ್ಕೆ ಹಾಕಿದರು. ಮಣಿಕಟ್ಟು ಮುರಿದಾಗಲೂ ಹಟ ಬಿಡದೆ ಆ ಹಳೆಯ ಜೀಪಿಗೆ ಪವರ್ ಸ್ಟೀರಿಂಗ್ ಹಾಕಿಸಿದ್ದರು.

ದಾರಿಯಲ್ಲಿ ಬಂದ ಎಸ್ಟೇಟ್ ಟ್ರಾಕ್ಟರೊಂದು ಜೀಪನ್ನು ಮೂಡಿಗೆರೆಯ ಗ್ಯಾರೇಜಿಗೆ ಎಳೆದು ತಂದಿತು. ಮೆಕ್ಯಾನಿಕ್ ಬೆಳ್ಳಿಯಪ್ಪ ಬಾನೆಟ್ ಎತ್ತಿ, ಸ್ಟೀರಿಂಗ್ ಪಂಪಿನ ಪಕ್ಕದ ಪುಟ್ಟ ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿದ. ಮುಚ್ಚಳದ ಅಳತೆಕಡ್ಡಿಯಲ್ಲಿ ಒಂದು ಹನಿಯೂ ಇರಲಿಲ್ಲ.

"ಸ್ಟೇರಿಂಗ್ ಆಯಿಲ್ ಪೂರ್ತಿ ಖಾಲಿ ಅಮ್ಮ."

"ಹಂಗಾದ್ರೆ ನನ್ ಕೈ?"

"ನಿಮ್ ಕೈಗೇನಾಗಿದೆ? ಎಣ್ಣೆ ಇಲ್ದೆ ಇಷ್ಟು ದೂರ ಓಡ್ಸಿದೀರಲ್ಲ, ನನ್ ಕೈಲೂ ಆಗ್ತಿರ್ಲಿಲ್ಲ."

ಗಿರಿಜಾಂಬಾ ಅವರಿಗೆ ಆ ಗ್ಯಾರೇಜಿನ ಗ್ರೀಸು ಮೆತ್ತಿದ ನೆಲದಲ್ಲೇ ಕುಣಿಯಬೇಕೆನ್ನಿಸಿತು. ಕೈ ನೆಟ್ಟಗಿದೆ! ಹದಿನೈದು ದಿನ ಸುಮ್ಮನೆ ಹೆದರಿ ಸತ್ತೆನಲ್ಲ ಎಂದು ನಗು ಬಂತು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

"ಈ ಪೈಪು ಸೋರಕ್ಕೆ ಶುರುವಾಗಿ ಒಂದ್ ವರ್ಷನಾದ್ರೂ ಆಗಿದೆ, ಜಿಡ್ಡು ನೋಡಿ" ಎಂದ ಬೆಳ್ಳಿಯಪ್ಪ. "ಯಾರೋ ವಾರ ವಾರ ಹುಯ್ತಾ ಇದ್ದಿದ್ಕೇ ಗಾಡಿ ಓಡಿದೆ. ಯಾರಮ್ಮ ನೋಡ್ಕಳೋರು?"

"ನಾನೇ" ಎಂದರು. ಸುಳ್ಳು ಬಾಯಿಗೆ ಬಂದಷ್ಟೇ ಬೇಗ ಮುಖ ಬಿಸಿಯಾಯಿತು.

ಮೂರು ವಾರದ ಹಿಂದಿನ ಭಾನುವಾರ ಬೆಳಿಗ್ಗೆ ಅವರು ಶೆಡ್ಡಿಗೆ ಹೋದಾಗ ಬೊಮ್ಮಯ್ಯ ಬಾನೆಟ್ ಎತ್ತಿಕೊಂಡು ನಿಂತಿದ್ದ. ಕೈಯೆಲ್ಲ ಕೆಂಪು ಎಣ್ಣೆ. ನೆಲದ ಮೇಲೂ ಕಲೆ. "ಅಮ್ಮೋರೆ, ಇದ್ರಲ್ಲಿ ಸ್ವಲ್ಪ" ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಇವರು ಮುಗಿಬಿದ್ದಿದ್ದರು. "ನನ್ ಗಾಡಿ ಕೆಡ್ಸಿ ಮತ್ತೆ ಡ್ರೈವರ್ ಆಗ್ಬೇಕು ಅಂತ ಮಾಡಿದೀಯಾ?" ಕೊಯ್ಲಿಗೆ ಬಂದ ಆಳುಗಳೆಲ್ಲ ತಿರುಗಿ ನೋಡಿದ್ದರು. ಅವನು ತಲೆ ತಗ್ಗಿಸಿಕೊಂಡು ಹೋಗಿದ್ದ. ಅಂದೇ ಇವರು ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು.

ಬೆಳ್ಳಿಯಪ್ಪ ಹೊಸ ಪೈಪು ಹಾಕಿ, ಅದೇ ಕೆಂಪು ಬಣ್ಣದ ಹೊಸ ಎಣ್ಣೆ ಹುಯ್ದು, ಉಳಿದ ಡಬ್ಬವನ್ನು ಅವರ ಕೈಗೇ ಕೊಟ್ಟ. "ಒಳಗೆ ಇನ್ನೂ ಗಾಳಿ ಇರುತ್ತೆ. ಮನೆಗೆ ಹೋದ್ಮೇಲೆ ಇನ್ನೊಂದ್ಸಲ ನೋಡಿ, ಕಮ್ಮಿ ಆಗಿದ್ರೆ ಹಾಕಿ."

ದಾರಿಯುದ್ದಕ್ಕೂ ಸ್ಟೀರಿಂಗ್ ಒಂದೇ ಬೆರಳಿಗೆ ತಿರುಗುತ್ತಿತ್ತು. ಗಿರಿಜಾಂಬಾ ಅವರಿಗೆ ಅದರಲ್ಲಿ ಸುಖ ಸಿಗಲಿಲ್ಲ. ಬೊಮ್ಮಯ್ಯನನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಮೆಲ್ಲಗೆ ಒಂದು ಮಾತು ಹೇಳಿಬಿಡಬಹುದಿತ್ತು. ಎಲ್ಲರೆದುರು ಬೈದು ಒಳಗೆ ಕರೆದು ಸಮಾಧಾನ ಹೇಳುವುದು ಯಾವ ನ್ಯಾಯ ಎಂದುಕೊಂಡರು. ಜೀಪನ್ನು ಶೆಡ್ಡಿನತ್ತ ಬಿಡದೆ ಸೀದಾ ಕಣಕ್ಕೆ ತಂದು ನಿಲ್ಲಿಸಿ, ಇಂಜಿನ್ ಕೂಡ ಆರಿಸದೆ ಇಳಿದರು.

ಬೊಮ್ಮಯ್ಯ ಒಣಗುತ್ತಿದ್ದ ಕಾಫಿ ಹಣ್ಣನ್ನು ಗೋರೆಯಿಂದ ಹರಡುತ್ತಿದ್ದ. ಜೊತೆಯಲ್ಲಿ ಆರೇಳು ಆಳುಗಳು.

"ಬೊಮ್ಮಯ್ಯ, ನನ್ನಿಂದ ತಪ್ಪಾಯ್ತು" ಎಂದರು, ಎಲ್ಲರಿಗೂ ಕೇಳುವಂತೆ. "ವರ್ಷದಿಂದ ನೀನು ಎಣ್ಣೆ ಹುಯ್ದಿದ್ಕೆ ನನ್ ಗಾಡಿ ಓಡಿದೆ. ನಿನ್ನನ್ನೇ ಗಾಡಿ ಕೆಡ್ಸೋನು ಅಂದೆ. ಸೋರ್ತಿದೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ?"

"ಹೇಳಿದ್ರೆ ರಿಪೇರಿಗೆ ಬಿಡ್ತಿದ್ರಿ. ಗ್ಯಾರೇಜ್ ಸೇರಿದ್ ಗಾಡಿನ ರುದ್ರಪ್ಪನೋರು ವಾಪಸ್ ಬರಕ್ಕೆ ಬಿಡ್ತಿದ್ರಾ?" ಬೊಮ್ಮಯ್ಯ ಗೋರೆಯ ಹಿಡಿಯನ್ನೇ ನೋಡುತ್ತ ಹೇಳಿದ. "ಅವತ್ತು ಮನೆಗ್ ಹೋಗಿ ಊಟ ಮಾಡ್ಲಿಲ್ಲ ಅಮ್ಮೋರೆ. ನಿಮಗೆ ಕ್ಲಚ್ ಕಲ್ಸಿದೋನು ನಾನು."

ಗಿರಿಜಾಂಬಾ ಪರವಾಗಿಲ್ಲ ಎಂಬ ಮಾತಿಗಾಗಿ ಕಾದರು. ಅವನು ಅದನ್ನು ಹೇಳಲಿಲ್ಲ.

ಬದಲಿಗೆ ಜೀಪಿನತ್ತ ಕಿವಿಗೊಟ್ಟ. "ಗಾಳಿ ಇದೆ. ಸದ್ದು ಕೇಳಲ್ವಾ? ಆಯಿಲ್ ತಂದಿದೀರಾ?"

ಡಬ್ಬ ಕೊಟ್ಟರು. ಅವನು ಬಾನೆಟ್ ಎತ್ತಿದ. "ಹೋಗಿ ಕೂತ್ಕಳಿ. ಎಡಕ್ಕೆ ಪೂರ್ತಿ ತಿರುಗ್ಸಿ, ಆಮೇಲೆ ಬಲಕ್ಕೆ. ಎಣ್ಣೇಲಿ ಗುಳ್ಳೆ ನಿಲ್ಲೋ ತಂಕ ಬಿಡ್ಬೇಡಿ."

ಅವರು ಹೋಗಿ ಕೂತರು. ಎತ್ತಿದ ಬಾನೆಟ್ಟಿನ ಹಿಂದೆ ಬೊಮ್ಮಯ್ಯನ ಮುಖ ಕಾಣುತ್ತಿರಲಿಲ್ಲ. ಪಕ್ಕದಿಂದ ಹೊರಚಾಚಿದ ಕೈಯೊಂದೇ ಕಾಣುತ್ತಿತ್ತು. ಅದು ಎಡಕ್ಕೆ ಆಡಿದಾಗ ಅವರು ಎಡಕ್ಕೆ ತಿರುಗಿಸಿದರು, ಬಲಕ್ಕೆ ಆಡಿದಾಗ ಬಲಕ್ಕೆ. ಕಣದ ಆಳುಗಳು ಗೋರೆ ಊರಿ ನಿಂತು, ಇದ್ದಲ್ಲೇ ಗಾಲಿ ಆಡಿಸುತ್ತಿದ್ದ ಜೀಪನ್ನು ನೋಡುತ್ತಿದ್ದರು.