ಸಾಹೇಬರ ಕ್ಯಾಂಟನೀಸ್

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಚೀನೀ ಹೋಟೆಲು ತೆರೆದ ವೆಂಕಟಸ್ವಾಮಿಗೆ ಚೀನಾ ಯಾವ ದಿಕ್ಕಿಗಿದೆಯೆಂದೇ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಹಾಂಗ್‌ಕಾಂಗಿನ ದೊರೆಗಳ ಬಂಗಲೆಯಲ್ಲಿ ಬೇಯಿಸಿ, ಕಲ್ಕತ್ತೆ ಸುತ್ತಿ ಬಂದ ಚೀನೀ ಮುದುಕ ಆಕಾಮ್ ಒಲೆಯ ಮುಂದೆ ನಿಂತಿದ್ದ. ಅವನಿಗೆ ಕ್ಯಾಂಟನೀಸ್ ಬಿಟ್ಟು ಬೇರೆ ಭಾಷೆ ಬಾರದು. ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟವನೂ ಅಲ್ಲ.

ತಟ್ಟೆ ತೊಳೆಯುತ್ತಿದ್ದ ಜರಗನಹಳ್ಳಿಯ ಬೈಲಪ್ಪನಿಗೆ ಬೇಕಾದದ್ದು ಆ ಸೌಟೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಹುಟ್ಟಿದ್ದೇ ಎಂಜಲು ಬಳಿಯಲಿಕ್ಕೆ ಎಂದು ಊರೆಲ್ಲ ತೀರ್ಮಾನಿಸಿತ್ತು; ಅದು ಸುಳ್ಳೆಂದು ತೋರಿಸಬೇಕಿತ್ತು ಅವನಿಗೆ.

"ಮುದುಕನ್ನ ಒಪ್ಪಿಸ್ಕೊ, ಒಲೆ ಹತ್ರ ನಿಲ್ಲಿಸ್ತೀನಿ," ಎಂದಿದ್ದ ವೆಂಕಟಸ್ವಾಮಿ. "ನನ್ನ ಮಾತಂತೂ ಅವನ ಕಿವಿಗೆ ಬೀಳಲ್ಲ."

ಹಾಗಾಗಿ ಬೈಲಪ್ಪ ಮುದುಕನ ಭಾಷೆ ಕಲಿಯಲು ಬನಶಂಕರಿಯ ಜಯಸಿಂಹರಾಯರ ಮನೆ ಬಾಗಿಲಿಗೆ ಹೋದ. ರಾಯರು ಹಾಂಗ್‌ಕಾಂಗಿನಲ್ಲಿ ಇಂಗ್ಲಿಷರ ಕಂಪನಿಯ ಮ್ಯಾನೇಜರಾಗಿದ್ದು ರಿಟೈರಾದವರು. ಫೀಜು ಬೇಡವೆಂದರು. ಧರ್ಮಾತ್ಮರು. ವಾಕ್ಯಕ್ಕೆ ತಕ್ಕ ಕೆಲಸ ಮಾಡುತ್ತ ಕಲಿತರೆ ತಲೆಯಲ್ಲಿ ನಿಲ್ಲುತ್ತದೆ ಎಂದರು, ಅಷ್ಟೆ.

"ಸೌ ದೇಯ್. ನೆಲ ಗುಡಿಸು. ಹೇಳು."

"ಸೌ ದೇಯ್."

"ದೇಯ್ ಅನ್ನೋವಾಗ ಸ್ವರ ತಗ್ಗಬೇಕು ಕಣೋ, ಸಂಗೀತದ ಹಾಗೆ. ಗುಡಿಸ್ತಾ ಹೇಳು."

ಗುಡಿಸುತ್ತ ಹೇಳಿದ. ಸಾಯ್ ವೂನ್ ಎಂದರೆ ಬಟ್ಟಲು ತೊಳೆ, ತೊಳೆದ. ಲೋ ಚಾ ಲಾಯ್ ಎಂದರೆ ಚಹಾ ತಾ, ತಂದ. ಫಾಯ್ ದೀ ಎಂದರೆ ಬೇಗ; ಅದನ್ನು ರಾಯರು ಎಲ್ಲ ವಾಕ್ಯಕ್ಕೂ ಅಂಟಿಸುತ್ತಿದ್ದರು. ಯುಗಾದಿಯಿಂದ ದಸರೆಯವರೆಗೆ ಅವರ ಅಂಗಳ ಇದ್ದಷ್ಟು ಚೊಕ್ಕಟವಾಗಿ ಹಿಂದೆಂದೂ ಇರಲಿಲ್ಲ.

"ಸ್ವಾಮಿ, 'ನಂಗೂ ಹೇಳ್ಕೊಡಿ' ಅನ್ನೋದ್ ಹೆಂಗೆ?"

ರಾಯರು ಯೋಚಿಸಿದರು. "ಗೊತ್ತಿಲ್ವಲ್ಲೋ. ಆಳುಗಳ ಹತ್ರ ಅಂಥ ಮಾತಾಡೋ ಪ್ರಮೇಯವೇ ಬರ್ಲಿಲ್ಲ."

ಕಲಿತಷ್ಟೇ ಸಾಕು, ಮಾತು ಶುರುವಾದರೆ ಮುದುಕ ಕರಗುತ್ತಾನೆ ಎಂದುಕೊಂಡ ಬೈಲಪ್ಪ. ಮಾರನೆಯ ದಿನ ಒಲೆಯ ಬಳಿ ನಿಂತು, ಚಹಾದಿಂದ ಸ್ನೇಹ ಬೆಳೆದೀತೆಂದು, ಒಂದೊಂದು ಸ್ವರವನ್ನೂ ತೂಗಿ ಹೇಳಿದ: "ಲೋ ಚಾ ಲಾಯ್. ಫಾಯ್ ದೀ."

ಹಳೆಯ ದೊರೆಗಳ ದನಿ ಕೇಳಿದಂತೆ ಮುದುಕನ ಬೆನ್ನು ಸೆಟೆಯಿತು. ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಚಹಾ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ತಂದ. ಕಣ್ಣು ನೆಲದ ಮೇಲೆ. ಹಾಗೆ ನಿಲ್ಲುವುದು ಬೈಲಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ರಾಯರ ಅಂಗಳದಲ್ಲಿ ತಾನು ನಿಲ್ಲುತ್ತಿದ್ದುದೇ ಹಾಗೆ.

"ಅಯ್ಯೋ, ಹಂಗಲ್ಲಜ್ಜಾ..."

"ಸಖತ್ ಗುರು!" ವೆಂಕಟಸ್ವಾಮಿ ಗಲ್ಲಾ ಬಿಟ್ಟು ಓಡಿಬಂದ. "ನಂಗೊಂದು ಲೋಟ ನೀರು ಕೊಟ್ಟೋನಲ್ಲ ಈ ಮುದುಕ! ಇವತ್ತಿಂದ ನೀನು ತಟ್ಟೆ ಮುಟ್ಬೇಡ. ಇಲ್ಲೇ ನಿಂತು ಇವನ ಕೈಲಿ ಕೆಲ್ಸ ತೆಗಿ. ಸೂಪರ್‌ವೈಜರ್ರು!"

"ಸೌಟು ಹಿಡಿಯೋದು?"

"ಸೂಪರ್‌ವೈಜರ್ರು ಯಾರಾದ್ರೂ ಸೌಟು ಹಿಡೀತಾರೇನಯ್ಯ?"

ಬೈಲಪ್ಪ ಸೌಟಿಗೆ ಕೈಚಾಚಿದ. ಈ ಹೊಸ ಸಾಹೇಬರ ಕೈಗೆ ಮಸಿ ಹತ್ತೀತೆಂದು ಮುದುಕ ಅದನ್ನು ಹಿಂದಕ್ಕೆಳೆದುಕೊಂಡ. ಬೈಲಪ್ಪನ ಪಿತ್ತ ನೆತ್ತಿಗೇರಿತು. "ಕೊಡಜ್ಜಾ, ಕಲೀಬೇಕು ನಾನು!" ಎಂದು ಅಚ್ಚ ಜರಗನಹಳ್ಳಿ ಕನ್ನಡದಲ್ಲಿ ಕಿರುಚಿದ. ಮುದುಕನಿಗೆ ಅರ್ಥವಾದದ್ದು ಕಿರುಚಾಟ ಮಾತ್ರ. ಬಾಣಲೆಯಲ್ಲಿ ಸೌಟು ಎರಡರಷ್ಟು ಬೇಗ ಆಡತೊಡಗಿತು.

"ಹಂಗೇ ಕಣೋ," ಎಂದ ವೆಂಕಟಸ್ವಾಮಿ ಹಿಂದಿನಿಂದ, "ಇನ್ನೊಂಚೂರು ಜೋರಾಗಿ."